ಹೊಳೆಯ ಉಡಿ

ನಮ್ಮೂರಿನ ಹೊಳೆಗೆ ಒಂದೇ ಕಡೆ ಹರಿಯುವ ಅಭ್ಯಾಸವಿರಲಿಲ್ಲ. ಇವತ್ತು ಕುಂಬಾರ ಓಣಿಗೆ ಬಂದರೆ ನಾಳೆ ಪೇಟೆ ಓಣಿಗೆ, ನಾಡಿದ್ದು ಸ್ಟೇಷನ್ ರಸ್ತೆಗೆ. ನಸುಕಿನಲ್ಲಿ ಬರುತ್ತಿದ್ದಳು, ದೀಪ ಹಚ್ಚುವ ಹೊತ್ತಿಗೆ ಹೊರಟುಬಿಡುತ್ತಿದ್ದಳು. ಮೊಳಕಾಲುದ್ದ ನೀರು, ಅದಕ್ಕಿಂತ ಹೆಚ್ಚಿಲ್ಲ. ಯಾವ ದಿನ ಯಾವ ಓಣಿ ಎಂಬುದು ಅವಳ ಮರ್ಜಿ. ಆದರೆ ತಿಂಗಳೊಳಗೆ ಎಲ್ಲರ ಮನೆ ಮುಂದೂ ಒಮ್ಮೆಯಾದರೂ ಹಾದು ಹೋಗುತ್ತಿದ್ದಳು. ಅದಕ್ಕೇ ನಮ್ಮಲ್ಲಿ ಕಟ್ಟೆಗಳೆಲ್ಲ ಎತ್ತರ, ಸೈಕಲ್ಲುಗಳೆಲ್ಲ ಕಿಟಕಿಯ ಸರಳಿಗೆ ಕಟ್ಟಿದವು, ಕೋಳಿಗಳು ಮಲಗುವುದು ಮಾಳಿಗೆಯ ಮೇಲೆ. ಮಲಗುವ ಮುಂಚೆ ದೇವರಿಗೆ ಕೈಮುಗಿಯದಿದ್ದರೂ ನಡೆದೀತು, ಚಪ್ಪಲಿಗಳನ್ನು ಗೋಡೆಯ ಗೂಡಿನಲ್ಲಿ ಎತ್ತಿಡದಿದ್ದರೆ ನಡೆಯುತ್ತಿರಲಿಲ್ಲ. ಮರೆತವರು ಮರುದಿನ ಕೆಳಗಿನ ಓಣಿಯಲ್ಲಿ ಮನೆಮನೆಗೆ ಹೋಗಿ ವಿಚಾರಿಸಬೇಕು. ನಮ್ಮಪ್ಪ ಮರೆಗುಳಿ. ಬಲಗಾಲಿಗೆ ಕಪ್ಪು, ಎಡಗಾಲಿಗೆ ಕಂದು ಚಪ್ಪಲಿ ಹಾಕಿಕೊಂಡೇ ಬಹಳ ವರ್ಷ ಅಂಗಡಿ ನಡೆಸಿದ.

ಪರವೂರಿನಿಂದ ಬಂದ ನೆಂಟರು ಮಾತ್ರ ಇದನ್ನು ಕೆದಕಿ ಕೆದಕಿ ಕೇಳುತ್ತಿದ್ದರು. ಹೊಳೆ ರಾತ್ರಿ ಎಲ್ಲಿರುತ್ತದೆ, ಎಲ್ಲಿಗೆ ಹೋಗುತ್ತದೆ ಎಂದು. ನಮ್ಮವ್ವನಿಗೆ ಅದು ಸೇರುತ್ತಿರಲಿಲ್ಲ. "ಹೆಣ್ಣಮಗಳು ರಾತ್ರಿ ಎಲ್ಲಿರ್ತಾಳ ಅಂತ ಕೇಳೂದು ಮರ್ಯಾದಿ ಏನ್ರಿ? ಚಾ ತಣ್ಣಗಾಗ್ತದ, ಕುಡೀರಿ" ಎಂದು ಬಾಯಿ ಮುಚ್ಚಿಸುತ್ತಿದ್ದಳು.

ಹೌದು, ಹೊಳೆ ನಮಗೆಲ್ಲ ಮನೆಮಗಳು. ತವರಿಗೆ ಬಂದವಳು. ತವರಿಗೆ ಬಂದ ಹೆಣ್ಣನ್ನು ಬರಿಗೈಯಲ್ಲಿ ಕಳಿಸುವುದುಂಟೆ? ಸಂಜೆ ಅವಳು ಹೊರಡುವ ಹೊತ್ತಿಗೆ ಜನರೆಲ್ಲ ಓಣಿಯ ಕೊನೆಯಲ್ಲಿ ನಿಂತು ಅವಳ ಉಡಿ ತುಂಬುತ್ತಿದ್ದರು, ಮಗಳ ಸೆರಗಿಗೆ ಅಕ್ಕಿ, ಕೊಬ್ಬರಿ ಹಾಕುವ ಹಾಗೆ. ಯಾವ ಓಣಿಗೆ ಯಾವ ಕಸುಬೋ ಅದೇ ಉಡುಗೊರೆ. ಹೂಗಾರರದು ಒಂದು ಬೊಗಸೆ ಹೂ, ಕುಂಬಾರರದು ಸೋಸಿದ ಮಣ್ಣಿನ ಉಂಡೆ, ಬಟ್ಟೆಗೆ ಬಣ್ಣ ಹಾಕುವ ನೀಲಗಾರರದು ಒಂದು ಚೆಂಬು ನೀಲಿ. ನಮ್ಮಜ್ಜಿಯ ಕಾಲದಲ್ಲಿ ಇಷ್ಟೇ ಇತ್ತಂತೆ. ನಮ್ಮ ಕಾಲಕ್ಕೆ ಊರು ಬೆಳೆದಿತ್ತು, ಪ್ರೀತಿಯೂ ಬೆಳೆದಿತ್ತು. ಗ್ಯಾರೇಜ್ ಓಣಿಯವರು ಡಬ್ಬಿಗಟ್ಟಲೆ ಎಂಜಿನ್ ಆಯಿಲ್ ಸುರಿದು, "ತಂಗಿ ತಲಿಗೆ ಎಣ್ಣಿ ಹಚ್ಚಿ ಕಳಸ್ತೀವಿ" ಎನ್ನುತ್ತಿದ್ದರು. ನಮ್ಮ ಪೇಟೆ ಓಣಿಯ ಅಂಗಡಿಕಾರರು ಸಕ್ಕರೆ, ಬಿಸ್ಕಿಟ್, ಶಾಂಪೂ ಎಲ್ಲವನ್ನೂ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ, ಆ ಚೀಲವನ್ನು ಇನ್ನೊಂದು ಚೀಲದಲ್ಲಿ ಕಟ್ಟಿ ತೇಲಿಬಿಡುತ್ತಿದ್ದರು. ಹೆಣ್ಣುಮಗಳಿಗೆ ಕೊಡುವುದನ್ನು ಬಿಚ್ಚಿ ಕೊಡಲಾಗುತ್ತದೆಯೇ!

ಇನ್ನೊಂದು ಕಟ್ಟಳೆಯಿತ್ತು. ಬಂದವಳ ಬಗ್ಗೆ ಕೆಟ್ಟ ಮಾತು ಆಡಕೂಡದು. ಮುಖ ಬಾಡಿದೆ ಎನ್ನಕೂಡದು, ಸೀರೆ ಮಾಸಿದೆ ಎನ್ನಕೂಡದು. ಹಾಗಾಗಿ ನೀರು ನಾರತೊಡಗಿದ ಮೇಲೂ ಯಾರೂ ನಾರುತ್ತಿದೆ ಎನ್ನಲಿಲ್ಲ. ಹೊಸ್ತಿಲವರೆಗೆ ಬರುತ್ತಿದ್ದ ಸಣ್ಣ ಮೀನುಗಳು ಬರುವುದು ನಿಂತಿತು. ಎಮ್ಮೆಗಳು ಮೂಸಿ ನೋಡಿ ತಿರುಗಿದವು. ಎಮ್ಮೆಗಳಿಗೆ ನಮ್ಮಷ್ಟು ಮರ್ಯಾದೆ ಗೊತ್ತಿರಲಿಲ್ಲ.

ಮದುವೆಗಳೂ ಹೊಳೆಯನ್ನೇ ನಂಬಿಕೊಂಡಿದ್ದವು. ಹುಡುಗಿಯ ಓಣಿಗೆ ಹೊಳೆ ಬಂದ ದಿನವೇ ಲಗ್ನ. ಅವಳ ಮನೆ ಮುಂದಿನ ನೀರಿನಲ್ಲಿ ಇಬ್ಬರೂ ನಿಂತರೆ ಅಕ್ಷತೆ. ಲಗ್ನಪತ್ರಿಕೆಯಲ್ಲಿ ತಾರೀಖಿನ ಜಾಗವನ್ನು ಖಾಲಿ ಬಿಟ್ಟೇ ಅಚ್ಚು ಹಾಕಿಸುತ್ತಿದ್ದರು. ಗಂಡಿನವರು ಗಂಟುಮೂಟೆ ಕಟ್ಟಿಕೊಂಡು ದಿನಾ ಕಾಯಬೇಕು, ಸುದ್ದಿ ಬಂದೊಡನೆ ಓಡಬೇಕು. ಅರ್ಧ ಗಡ್ಡ ಬೋಳಿಸಿಕೊಂಡು ಬಂದ ಮದುಮಗನನ್ನು ನಾನೇ ನೋಡಿದ್ದೇನೆ.

ನಾವು ಬಿ.ಎಸ್ಸಿ. ಎರಡನೇ ವರ್ಷದಲ್ಲಿದ್ದಾಗ ಕೆಮಿಸ್ಟ್ರಿಗೆ ಜಂಬಗಿ ಸರ್ ಹೊಸದಾಗಿ ಬಂದರು. ಹೊಳೆ ಇದ್ದಲ್ಲೇ ಇರುವ ಊರಿನವರು, ಪಾಪ. ಬಂದ ಮೊದಲ ವಾರವೇ ಅವರ ಪುಸ್ತಕದ ಪೆಟ್ಟಿಗೆ ತೇಲಿ ಹೋಗಿ ಹೂಗಾರ ಓಣಿಯಲ್ಲಿ ಸಿಕ್ಕಿತು. ಪುಸ್ತಕಗಳನ್ನು ಬಿಸಿಲಿಗೆ ಹರವಿದ ಸರ್ ಒಂದು ಹಾಳೆಯನ್ನು ಮೂಗಿಗೆ ಹಿಡಿದು, "ಇದು ನೀರಿನ ವಾಸನಿ ಅಲ್ಲ" ಎಂದರು. ಊರಿನಲ್ಲಿ ಆ ಮಾತನ್ನು ಬಾಯಿಬಿಟ್ಟು ಆಡಿದವರಲ್ಲಿ ಅವರೇ ಮೊದಲಿಗರು. ಹೊರಗಿನವರು ಎಂದು ಜನ ಕ್ಷಮಿಸಿದರು.

ಆ ವರ್ಷದ ಕಾಲೇಜಿನ ಸೇವಾ ಶಿಬಿರಕ್ಕೆ ಅವರು ಗಿಡ ನೆಡಿಸಲಿಲ್ಲ, ರಸ್ತೆ ಗುಡಿಸಲು ಹಚ್ಚಲಿಲ್ಲ. ಹೊಳೆಯ ನೀರನ್ನು ಪರೀಕ್ಷೆ ಮಾಡೋಣ ಎಂದರು. ನಾವು ಸೇರಿದ್ದು ಬಿಳಿ ಟೋಪಿಗೂ ಬಿಸಿ ಉಪ್ಪಿಟ್ಟಿಗೂ ಎಂಬುದು ಬೇರೆ ಮಾತು. ನಾನು, ಗ್ಯಾರೇಜ್ ಓಣಿಯ ದಸ್ತಗೀರ, ನನ್ನ ಜೀವದ ಗೆಳತಿ ಕಸ್ತೂರಿ ಒಂದೇ ತಂಡ. ಕಸ್ತೂರಿ ನೀಲಗಾರ ಓಣಿಯ ಈರಸಂಗಪ್ಪನ ಮಗಳು. ಅಪ್ಪನ ಜೊತೆ ಬಾನಿಯಲ್ಲಿ ಬಟ್ಟೆ ಅದ್ದಿ ಅದ್ದಿ ಅವಳ ಕೈ ಮುಂಗೈವರೆಗೆ ಸದಾ ಬಣ್ಣ. ಒಂದು ವಾರ ಹಸಿರು, ಒಂದು ವಾರ ಗುಲಾಬಿ. ಕ್ಲಾಸಿನಲ್ಲಿ ಅವಳು ಕೈ ಎತ್ತಿದರೆ ಮೇಷ್ಟರು ಪ್ರಶ್ನೆ ಮರೆಯುತ್ತಿದ್ದರು. ಆ ಕೈಗಳನ್ನು ನೋಡಿಯೇ ಮೆಚ್ಚಿದ ಪೋಸ್ಟ್‌ಮ್ಯಾನ್ ಗುರುಶಾಂತನ ಜೊತೆ ಅವಳ ಮದುವೆ ಆಗಲೇ ನಿಶ್ಚಯವಾಗಿತ್ತು. ಅವನು ಪ್ಯಾಂಟು ಮಡಚಿಕೊಂಡು, ಟಪಾಲಿನ ಚೀಲವನ್ನು ತಲೆಯ ಮೇಲೆ ಹೊತ್ತು ಹೊಳೆಯಲ್ಲಿ ನಡೆಯುವುದನ್ನು ನೋಡಿ ಇವಳೂ ಮೆಚ್ಚಿದ್ದಳು. ಲಗ್ನ ಸಂಕ್ರಾಂತಿಯ ನಂತರವೇ ಎಂದು ಹಿರಿಯರು ಹೇಳಿದ್ದರು, ಆಮೇಲೆ ಅವರ ಓಣಿಗೆ ಹೊಳೆ ಬರುವುದೊಂದೇ ಬಾಕಿ.

ಮೊದಲು ಮನೆಮನೆಗೆ ಹೋಗಿ ಕೇಳಬೇಕೆಂದು ಸರ್ ಹೇಳಿದರು. ಹೋದೆವು. "ನೀರಿಗೆ ವಾಸನಿ ಐತೇನ್ರಿ?" ಎಂದು ಕೇಳಿದರೆ ಸೆರಗಿನಿಂದ ಮೂಗು ಮುಚ್ಚಿಕೊಂಡೇ, "ಛೇ ಛೇ, ಏನೂ ಇಲ್ಲವ್ವಾ" ಎನ್ನುತ್ತಿದ್ದರು. ಒಬ್ಬಾಕೆ ಕಾಲು ಪರಪರ ಕೆರೆದುಕೊಳ್ಳುತ್ತ, "ಅಮೃತ ಇದ್ದಂಗ ಐತಿ" ಎಂದಳು. ದಸ್ತಗೀರ ನಗು ತಡೆಯಲಾಗದೆ ಹೊರಗೆ ಓಡಿದ. ನಮ್ಮವ್ವನನ್ನು ಕೇಳಿದೆ. "ನಿನಗ ಮನಿಯಾಗ ಹೇಳವರು ಕೇಳವರು ಇಲ್ಲೇನ? ಬಂದ ಮಗಳ ಮೈ ಮೂಸ್ತೀಯಾ?" ಎಂದು ಸೌಟು ತೋರಿಸಿದಳು.

"ಜನ ಹೇಳದಿದ್ರ ನೀರ ಹೇಳ್ಲಿ" ಎಂದರು ಸರ್. ಸರ್ಕಾರಿ ದವಾಖಾನೆಯಿಂದ ಕೆಮ್ಮಿನ ಔಷಧದ ಖಾಲಿ ಬಾಟಲಿಗಳನ್ನು ತಂದೆವು. ಹೊಳೆ ಬಂದ ಓಣಿಯ ತಲೆಯಲ್ಲಿ ಒಂದು ಬಾಟಲಿ ನೀರು, ಸಂಜೆ ಉಡಿ ತುಂಬಿದ ಮೇಲೆ ಓಣಿಯ ಬಾಲದಲ್ಲಿ ಒಂದು ಬಾಟಲಿ. ಲ್ಯಾಬಿನಲ್ಲಿ ಅದಕ್ಕೆ ಒಂದೆರಡು ದ್ರಾವಣ, ಆಮೇಲೆ ಆಸಿಡ್, ಕೊನೆಗೆ ಕೆಲವು ಹನಿ ಗಂಜಿ. ನೀರಿನಲ್ಲಿ ಆಮ್ಲಜನಕವಿದ್ದರೆ ಗಂಜಿ ಬಿದ್ದ ಕೂಡಲೇ ನೀಲಿಯಾಗುತ್ತದೆ. ಇಲ್ಲದಿದ್ದರೆ ಇಲ್ಲ. ಸರ್ ಆಮ್ಲಜನಕ ಎನ್ನುತ್ತಿರಲಿಲ್ಲ, ಉಸಿರು ಎನ್ನುತ್ತಿದ್ದರು. "ಉಸಿರಿದ್ರ ನೀಲಿ. ಅಷ್ಟ ತಿಳ್ಕೊಳ್ರಿ."

ಗಂಜಿ ಹನಿಸುವ ಕೆಲಸ ಕಸ್ತೂರಿಯದು. ಅವಳ ಕೈ ಅಷ್ಟು ಹದ. ಮೊದಲ ಬಾಟಲಿ ನೀಲಿಯಾದಾಗ ಅವಳು ಕುಣಿದುಬಿಟ್ಟಳು. "ಶಶೀ, ನಮ್ಮ ಮನಿ ಬಣ್ಣ!" ಎಂದು ನನ್ನ ಕುತ್ತಿಗೆಗೆ ಜೋತುಬಿದ್ದಳು. ಆ ದಿನಗಳು ಬಹಳ ಚೆನ್ನಾಗಿದ್ದವು. ಯಾವ ಓಣಿಗೆ ಬಂದಿದ್ದಾಳೆಂದು ಬೆಳಿಗ್ಗೆ ಊರೆಲ್ಲ ಸೈಕಲ್ಲಿನಲ್ಲಿ ಹುಡುಕುವುದು, ಚಪ್ಪಲಿ ಕೈಯಲ್ಲಿ ಹಿಡಿದು ನೀರಿಗಿಳಿಯುವುದು, ಬಾಟಲಿಯ ಬಾಯಿಗೆ ಹೆಬ್ಬೆರಳು ಒತ್ತಿ ಓಡುವುದು, ಕಟ್ಟೆಗಳ ಮೇಲಿನ ಮುದುಕಿಯರ ಬೈಗುಳ.

ಆದರೆ ನೀಲಿ ಎಲ್ಲ ಓಣಿಗಳಲ್ಲೂ ತಲೆಯಲ್ಲಿದ್ದಷ್ಟು ಬಾಲದಲ್ಲಿ ಇರುತ್ತಿರಲಿಲ್ಲ. ಸಂಕ್ರಾಂತಿಗೆ ಮುಂಚೆ ನೀಲಗಾರ ಓಣಿಗೆ ಹೊಳೆ ಬಂದ ದಿನ ತಲೆಯ ನೀರು ನೀಲಿಯಾಯಿತು. ಬಾಲದ ನೀರು ಕುಂಕುಮದಷ್ಟು ಕೆಂಪಗಿತ್ತು. ಪಟಿಕ ಹಾಕಿ ಬಣ್ಣವನ್ನು ತಳಕ್ಕೆ ಕೂರಿಸಿ, ಮೇಲಿನ ತಿಳಿಗೆ ಕಸ್ತೂರಿ ಗಂಜಿ ಹನಿಸಿದಳು. ಏನೂ ಆಗಲಿಲ್ಲ. ಇನ್ನೊಂದು ಹನಿ. ಬಾಟಲಿ ಸರಿಯಿಲ್ಲ ಎಂದಳು, ಗಂಜಿ ಹಳೆಯದು ಎಂದಳು, ದಸ್ತಗೀರ ಅಲ್ಲಾಡಿಸಿದ ಎಂದಳು. ಹೊಸ ಗಂಜಿ ಕಾಯಿಸಿ ಮತ್ತೆ ಮಾಡಿದಳು. ನೀಲಿ ಬರಲಿಲ್ಲ. ಸರ್ ಕಿಟಕಿಯ ಕಡೆ ತಿರುಗಿ ನಿಂತರು.

ಅದಾದ ಮೇಲೆ ಹೊಳೆ ನೀಲಗಾರ ಓಣಿಗೆ ಬರುವುದನ್ನೇ ನಿಲ್ಲಿಸಿದಳು. ಒಂದು ತಿಂಗಳು ಹೋಯಿತು, ಇನ್ನೊಂದೂ ಹೋಯಿತು. ಎಲ್ಲ ಓಣಿಗಳಿಗೂ ಹೋಗುತ್ತಾಳೆ, ಇಲ್ಲಿಗಿಲ್ಲ. ಒಂದೆರಡು ಬಾರಿ ಓಣಿಯ ತಲೆಯಲ್ಲಿರುವ ಬೇವಿನ ಮರದವರೆಗೆ ನೆಲ ಒದ್ದೆಯಾಗಿತ್ತು. ಅಲ್ಲಿಯವರೆಗೆ ಬಂದು ತಿರುಗಿ ಹೋಗಿದ್ದಳು. ಊರಿನಲ್ಲಿ ಇಂಥದು ಹಿಂದೆ ಆದದ್ದಿಲ್ಲ. ಹೊಳೆ ಮುನಿದ ಓಣಿ ಎಂದು ಹೆಸರಾಯಿತು. ಗುರುಶಾಂತನ ತಾಯಿ ಬಂದು ಕಟ್ಟೆಯ ಮೇಲೆ ಕೂತು, ಕೊಟ್ಟ ಚಹಾ ಮುಟ್ಟದೆ, "ಮನಿಮಗಳ ಕಾಲಿಡದ ಮನಿಯಿಂದ ನಾ ಹೆಂಗ ಸೊಸಿ ತರಲಿ? ಯುಗಾದಿ ತನ ನೋಡ್ತೀನಿ. ಆಮ್ಯಾಲ ಗ್ಯಾರೇಜ್ ಓಣಿಯೊಳಗ ಒಂದ ಹುಡುಗಿ ನೋಡೇವಿ" ಎಂದು ಎದ್ದು ಹೋದಳು. ಗುರುಶಾಂತ ಮಾತ್ರ ಕಾಗದವಿರಲಿ ಬಿಡಲಿ ದಿನಾ ಬೆಳಿಗ್ಗೆ ಬೇವಿನ ಮರದ ಹತ್ತಿರ ಬಂದು ನೆಲ ಮುಟ್ಟಿ ನೋಡುತ್ತಿದ್ದ. ತಾಯಿಗೆ ಎದುರಾಡುವ ಗಂಡಲ್ಲ ಅವನು, ಆದರೆ ನೆಲ ಮುಟ್ಟಿ ನೋಡುವುದನ್ನು ಬಿಡಲಿಲ್ಲ.

"ಇವತ್ತ ಅಪ್ಪಗ ಹೇಳ್ತೀನಿ. ನೀ ಜೋಡಿ ಬಾ, ಒಬ್ಬಾಕಿಗೆ ಧೈರ್ಯ ಇಲ್ಲ" ಎಂದು ಕಸ್ತೂರಿ ನನ್ನನ್ನು ಕರೆದುಕೊಂಡು ಹೋದಳು. ಚೀಲದಲ್ಲಿ ಬಾಟಲಿಗಳು ಟಣಟಣ ಎನ್ನುತ್ತಿದ್ದವು. ಓಣಿಗೆ ಕಾಲಿಟ್ಟ ಕೂಡಲೇ ನಾನು ನಿಂತುಬಿಟ್ಟೆ. ಎರಡೂ ಬದಿಗೆ, ಪ್ರತಿ ಮನೆಯ ಮುಂದೆ, ಬಾನಿಗಳ ಸಾಲು. ಕೆಂಪು, ಹಸಿರು, ಹಳದಿ, ಜಾಂಬಳ. ಬಟ್ಟೆ ಅದ್ದಿ ಉಳಿದ ನೀರಲ್ಲ ಅದು, ಹೊಸದಾಗಿ ಕಲಸಿದ ಗಟ್ಟಿ ಬಣ್ಣ. ಈರಸಂಗಪ್ಪ ಕೋಲಿನಿಂದ ಕಲಕುತ್ತ ನಿಂತಿದ್ದ. ಎತ್ತರದ ಆಳು, ಮೊಣಕೈವರೆಗೂ ಬಣ್ಣ, ಮೀಸೆಯ ತುದಿಗೂ ಅಷ್ಟು ಹಸಿರು.

"ಬಾರವ್ವಾ ಶಶಿಕಲಾ" ಎಂದ. "ನೋಡಿದ್ಯಾ? ಹೋದ ಸಲ ಅಕಿಗೆ ಕಡಿಮಿ ಆತು, ಅದಕ್ಕ ಸಿಟ್ಟಾಗ್ಯಾಳ. ಈ ಸಲ ಬರ್ಲಿ, ಹೊರಲಾರದಷ್ಟ ಕೊಟ್ಟ ಕಳಸ್ತೇವಿ. ನಮ್ಮಜ್ಜ ಬರೇ ನೀಲಿ ಕೊಡ್ತಿದ್ದ. ನಾ ಹತ್ತ ಬಣ್ಣ ಕೊಡ್ತೀನಿ, ಡಬ್ಬಿ ಬಣ್ಣ, ಬಿಸಲಿಗೂ ಹೋಗೂದಿಲ್ಲ."

ಕಸ್ತೂರಿ ಚೀಲವನ್ನು ಹೆಗಲಿನಿಂದ ಇಳಿಸಿದಳು. "ಅಪ್ಪಾ, ಅಕಿ ಬರದಿದ್ದದ್ದು ಕಡಿಮಿ ಆಗಿ ಅಲ್ಲ. ನಾವ ಕೊಟ್ಟದ್ದಕ್ಕ ಅಕಿಗೆ ಉಸರ ಕಟ್ಟೇತಿ."

ಕೋಲು ನಿಂತಿತು. "ಏನಂದಿ?"

"ನಮ್ಮ ಬಣ್ಣಕ್ಕ ನೀರಿನ ಉಸರ ಹೋಗ್ತೈತಿ. ನಾ ನೋಡೇನಿ."

"ಕಾಲೇಜಿಗೆ ಕಳಸಿದ್ದು ಇದಕ್ಕೇನ? ಬಂದ ಮಗಳ ಮ್ಯಾಲ ಬಾಯಿ ಹಾಕಾಕ?"

"ಅಕಿ ಮ್ಯಾಲ ಹಾಕಿಲ್ಲಪ್ಪಾ. ನಮ್ಮ ಮ್ಯಾಲ ಹಾಕೇನಿ. ನಮ್ಮ ಮನಿ ತಪ್ಪ ನಾವ ಅಂದ್ರ ಯಾವ ಕಟ್ಟಳಿ ಮುರೀತೈತಿ?"

ಈರಸಂಗಪ್ಪ ಕೋಲನ್ನು ಗೋಡೆಗೆ ಒರಗಿಸಿದ. ಆ ಹೊತ್ತನ್ನೇ ಹಿಡಿದು ಅವಳು ಕಟ್ಟೆಯ ಮೇಲೆ ಎರಡು ಬಾಟಲಿ ಇಟ್ಟಳು. ಎರಡರಲ್ಲೂ ಸ್ಟೇಷನ್ ರಸ್ತೆಯ ಒಂದೇ ನೀರು. ಒಂದಕ್ಕೆ ಅಪ್ಪನ ಕೆಂಪು ಬಣ್ಣ ಒಂದು ಚಮಚ ಹಾಕಿ, ಎರಡನ್ನೂ ಗಟ್ಟಿಯಾಗಿ ಮುಚ್ಚಿ, ಲ್ಯಾಬಿನ ಕಪಾಟಿನ ಕತ್ತಲಲ್ಲಿ ಕೆಲವು ದಿನ ಇಟ್ಟಿದ್ದೆವು. ಪಟಿಕ ಹಾಕಿ ತಿಳಿ ಮಾಡಿ, ಗಂಜಿಯೊಂದು ಬಿಟ್ಟು ಉಳಿದೆಲ್ಲ ಲ್ಯಾಬಿನಲ್ಲೇ ಮುಗಿಸಿ ತಂದಿದ್ದೆವು. ಅಪ್ಪನ ಕಣ್ಣೆದುರೇ ಅವಳು ಒಂದಕ್ಕೆ ಗಂಜಿ ಹನಿಸಿದಳು. ನೀಲಿ ಉಕ್ಕಿ ಬಂತು. ಇನ್ನೊಂದಕ್ಕೆ ಹನಿಸಿದಳು. ಅದು ಹಾಗೇ ಪೆಚ್ಚಾಗಿ ಕೂತಿತು.

"ಉಸಿರಿದ್ರ ನೀಲಿ ಆಗ್ತೈತಿ ಅಪ್ಪಾ. ಇದರೊಳಗ ನಿನ್ನ ಕೆಂಪ ಒಂದ ಚಮಚ ಹಾಕಿದ್ವಿ, ಉಸರ ಇಲ್ಲ."

ಅವನು ಬೈಯುತ್ತಾನೆ, ಬಾಟಲಿ ಒಡೆಯುತ್ತಾನೆ ಎಂದು ನಾನು ಕಟ್ಟೆಯಿಂದ ಅರ್ಧ ಎದ್ದಿದ್ದೆ. ಅವನು ನೀಲಿ ಬಾಟಲಿಯನ್ನು ಎತ್ತಿ ಬೆಳಕಿಗೆ ಹಿಡಿದ. ಬಹಳ ಹೊತ್ತು ನೋಡಿದ. "ನಮ್ಮಪ್ಪ ಗಿಡದ ನೀಲಿ ಬಾನಿಯಿಂದ ಅರಿವಿ ಎತ್ತಿದ್ರ ಹಸರ ಇರ್ತಿತ್ತು" ಎಂದ, ನಮಗೆ ಹೇಳಿದಂತೆಯೂ ಅಲ್ಲ. "ಗಾಳಿಗೆ ಹಿಡಿದ್ರ ನೋಡನೋಡತ ನೀಲಿ ಆಗ್ತಿತ್ತು. ಅರಿವಿ ಉಸರ ತಗೊಂತು ನೋಡಪಾ, ಅಂತಿದ್ದ ನನಗ. ಸಣ್ಣಾಂವ ಇದ್ದೆ." ಬಾಟಲಿಯನ್ನು ಮೆಲ್ಲಗೆ ಕೆಳಗಿಟ್ಟು ಒಳಗೆ ಹೋದ. ಮತ್ತೆ ಹೊರಗೆ ಬರಲಿಲ್ಲ. ಕಸ್ತೂರಿ ಕಟ್ಟೆಯ ಮೇಲೆ ಕೂತು ಅತ್ತಳು. ಅಪ್ಪ ಕೊಟ್ಟ ಉಡುಗೊರೆಯನ್ನು ಕೆಟ್ಟದ್ದು ಎಂದ ಮಗಳಾದೆನಲ್ಲ ಎಂದು ಅತ್ತಳು. ನಾನೂ ಅತ್ತೆ, ನನಗೆ ಅಳಲು ಯಾವಾಗಲೂ ಜೊತೆ ಸಿಕ್ಕರೆ ಸಾಕು.

ಮರುದಿನ ಓಣಿಯಲ್ಲಿ ದೊಡ್ಡ ಜಗಳ. ಈರಸಂಗಪ್ಪ ತನ್ನ ಬಾನಿಗಳನ್ನು ಬಿಸಿಲಿಗೆ ಎಳೆದು ಒಣಗಲು ಬಿಟ್ಟಿದ್ದ. ತಳದ ಬಣ್ಣವನ್ನು ಕೆರೆದು ಡಬ್ಬಿಗೆ ತುಂಬುತ್ತೇನೆ, ಹೊಳೆಗೆ ಒಂದು ಹನಿಯೂ ಕೊಡುವುದಿಲ್ಲ ಎಂದ. ಹಿರಿಯರು ಹೌಹಾರಿದರು. "ಮಗಳನ್ನ ಬರಿಗೈಲೆ ಕಳಿಸಿದ ಓಣಿ ಅನ್ನಿಸ್ಕೋಬೇಕೇನೋ?" ಎಂದು ಕೂಗಾಡಿದರು. ಅವನು ಅವಸರ ಮಾಡದೆ, "ಕಳಸೂದು ಆಮ್ಯಾಲಿನ ಮಾತಪಾ. ಮೊದಲ ಅಕಿ ಬರಬೇಕಲ್ಲ?" ಎಂದ.  ಒಂದೊಂದೇ ಮನೆಯ ಬಾನಿ ಬಿಸಿಲಿಗೆ ಬಂತು. ಕೊನೆಯದು ಬರಲು ವಾರ ಹಿಡಿಯಿತು, ಅದೂ ಆ ಮನೆಯ ಹುಡುಗಿಗೂ ಮದುವೆ ನಿಶ್ಚಯವಾಗಿದ್ದರಿಂದ.

ಆಮೇಲೆ ನಮ್ಮ ಶಿಬಿರ ನಿಜವಾಗಿ ಶುರುವಾಯಿತು. ಹೊಳೆ ಹರಿಯುವ ಜಾಗದಲ್ಲಿ ವರ್ಷಗಳ ಬಣ್ಣ ಕೆಸರಾಗಿ ಪದರ ಪದರ ಕೂತಿತ್ತು. ಸಲಿಕೆ ಹಾಕಿದರೆ ಮೇಲೆ ಕೆಂಪು, ಕೆಳಗೆ ಹಸಿರು, ಅದರ ಕೆಳಗೆ ಜಾಂಬಳ. ಕೈಗೆ ಚೀಲ ಕಟ್ಟಿಕೊಂಡು ಬುಟ್ಟಿಗಟ್ಟಲೆ ಹೊತ್ತೆವು. ಬಿಳಿ ಟೋಪಿಗಳು ಮೊದಲ ದಿನವೇ ಕುಲಗೆಟ್ಟವು. ಜಂಬಗಿ ಸರ್ ಪ್ಯಾಂಟು ಮಡಚಿ ನಮ್ಮ ಜೊತೆಗೇ ಇಳಿದರು, ಮೂರು ಬಾರಿ ಜಾರಿಬಿದ್ದರು. ಅಗೆದು ಅಗೆದು ತೀರ ಕೆಳಗೆ, ನೆಲ ಹತ್ತಿರವಾದಲ್ಲಿ, ಬೆರಳಷ್ಟು ತೆಳ್ಳಗೆ ನೀಲಿ ಮಣ್ಣು ಸಿಕ್ಕಿತು. "ಇದು ನಮ್ಮಜ್ಜಂದು" ಎಂದ ಈರಸಂಗಪ್ಪ. ಅದನ್ನು ತೆಗೆಯಲು ಬಿಡಲಿಲ್ಲ. ಸರ್ ಕೂಡ ಬೇಡ ಎಂದರು. ದಸ್ತಗೀರ ಆ ದಿನ ಎಲ್ಲರಿಗಿಂತ ಹೆಚ್ಚು ಬುಟ್ಟಿ ಹೊತ್ತ. ಸಂಜೆ ನನ್ನ ಹತ್ತಿರ, "ತಲಿಗೆ ಎಣ್ಣಿ ಹಚ್ಚೂದು ಬಿಡ್ರಿ ಅಂತ ನಮ್ಮಪ್ಪಗ ಹೆಂಗ ಹೇಳೂದಲೇ?" ಎಂದು ಕೇಳಿದ. ನಾನು ನಮ್ಮ ಅಂಗಡಿಯ ಪ್ಲಾಸ್ಟಿಕ್ ಚೀಲಗಳನ್ನು ನೆನೆದೆ.

ಓಣಿ ಸ್ವಚ್ಛವಾಯಿತು, ಹೊಳೆ ಬರಲಿಲ್ಲ. ಯುಗಾದಿ ಹತ್ತಿರ ಬಂತು. ಗುರುಶಾಂತನ ತಾಯಿ ಗ್ಯಾರೇಜ್ ಓಣಿಗೆ ಎರಡು ಬಾರಿ ಹೋಗಿ ಬಂದಳೆಂದು ದಸ್ತಗೀರ ಸುದ್ದಿ ತಂದ. ಕಸ್ತೂರಿಗೆ ಹೇಳಬೇಡ ಎಂದೆ. ಅವಳಿಗೆ ಆಗಲೇ ಗೊತ್ತಿತ್ತು. ಬಣ್ಣ ಬಿಟ್ಟ ಮೇಲೆ ಅವಳ ಕೈ ಮೊದಲ ಬಾರಿಗೆ ಮೈಬಣ್ಣಕ್ಕೆ ತಿರುಗಿತ್ತು. "ನನ್ನ ಕೈ ನಾನ ಗುರತ ಹಿಡೀವಲ್ಲೆ" ಎಂದು ನಕ್ಕಳು. ಆ ನಗು ನೋಡಲಾರದೆ ನಾನು ಬೇರೇನೋ ಮಾತು ತೆಗೆದೆ.

ಯುಗಾದಿಗೆ ಇನ್ನೇನು ಹೋಳಿಗೆಯ ಬೇಳೆ ತರಬೇಕು ಎನ್ನುವ ಹೊತ್ತಿಗೆ, ಒಂದು ಬೆಳಿಗ್ಗೆ ದಸ್ತಗೀರ ಸೈಕಲ್ಲಿನ ಗಂಟೆ ಬಾರಿಸುತ್ತ ನಮ್ಮ ಮನೆ ಮುಂದೆ ಬಂದ. "ಶಶೀ, ಬೇವಿನ ಗಿಡದ ತನ ಬಂದಾಳ! ಬಂದು ನಿಂತಾಳ!" ನಾನು ಹಲ್ಲುಜ್ಜುವುದನ್ನು ಬಿಟ್ಟು ಬಾಯಲ್ಲಿ ಪುಡಿ ಇಟ್ಟುಕೊಂಡೇ ಓಡಿದೆ.

ಓಣಿಯ ತಲೆಯಲ್ಲಿ ಜನ ಉಸಿರು ಬಿಗಿಹಿಡಿದು ನಿಂತಿದ್ದರು. ಹೊಳೆ ಮರದ ಬೇರಿನ ಹತ್ತಿರ ಬಂದು ನಿಂತುಬಿಟ್ಟಿದ್ದಳು. ಮುಂದೆಯೂ ಇಲ್ಲ, ಹಿಂದೆಯೂ ಇಲ್ಲ. ಪರಿಚಯದ ಮನೆಯ ಬಾಗಿಲಲ್ಲಿ ಕರೆಯಲಿ ಎಂದು ನಿಂತವರ ಹಾಗೆ. ಬೋರಲು ಹಾಕಿದ ಬಾನಿಗಳು ಎರಡೂ ಬದಿಗೆ ಸಾಲಾಗಿದ್ದವು. ಹಿರಿಯರೊಬ್ಬರು ಮೆಲ್ಲಗೆ, "ಏನರ ಕೊಡ್ತೇವಿ ಅನ್ನೋ ಈರಸಂಗಾ, ಒಂದೀಟ ಅರಿಷಿಣ ಆದ್ರೂ" ಎಂದರು. ಈರಸಂಗಪ್ಪ ಕೇಳಿಸಿಕೊಳ್ಳಲಿಲ್ಲ. ನೀರಿನ ಅಂಚಿಗೆ ಹೋಗಿ ಕುಕ್ಕರುಗಾಲಿನಲ್ಲಿ ಕೂತ. ಎರಡೂ ಅಂಗೈ ಚಾಚಿದ. ಬಿಡದ ಹಳೆಯ ಬಣ್ಣ ಗೆರೆಗಳಲ್ಲಿ ಇನ್ನೂ ಇತ್ತು, ಅಷ್ಟು ಬಿಟ್ಟರೆ ಕೈ ಖಾಲಿ.

"ನೋಡವ್ವಾ" ಎಂದ. ಅವನ ದೊಡ್ಡ ದನಿ ಅಷ್ಟು ಸಣ್ಣಗಾದದ್ದನ್ನು ನಾನು ಕೇಳಿರಲಿಲ್ಲ. "ಏನೂ ಇಲ್ಲ. ಏನೂ ಕೊಡೂದಿಲ್ಲ. ಬಾ ನನ್ನವ್ವಾ, ಸುಮ್ನ ಬಂದ ಹೋಗು."

ಸ್ವಲ್ಪ ಹೊತ್ತು ಏನೂ ಆಗಲಿಲ್ಲ. ಆಮೇಲೆ ಅವನ ಬೆರಳುಗಳ ತುದಿ ಒದ್ದೆಯಾಯಿತು. ಅಂಗೈ ಒದ್ದೆಯಾಯಿತು. ಅವನನ್ನು ಸುತ್ತಿಕೊಂಡು, ಮೊಳಕಾಲು ದಾಟಿ, ಹೊಳೆ ಓಣಿಯೊಳಗೆ ನಡೆದಳು. ಹೆಂಗಸರು ಒಮ್ಮೆಗೇ ಅಳುತ್ತ, ನಗುತ್ತ ಕಟ್ಟೆಗಳಿಗೆ ಓಡಿದರು. ಗುರುಶಾಂತ ಎಲ್ಲಿದ್ದನೋ, ಟಪಾಲಿನ ಚೀಲ ಹೊತ್ತುಕೊಂಡೇ ನೀರು ಚಿಮ್ಮಿಸುತ್ತ ಬಂದ. ಅವನ ತಾಯಿಯನ್ನು ದಸ್ತಗೀರ ಸೈಕಲ್ಲಿನ ಹಿಂದೆ ಕೂರಿಸಿಕೊಂಡು ತಂದ. ಇಳಿದ ಕೂಡಲೇ ಆಕೆ ಮೊದಲು ಮಾಡಿದ್ದು ಬಗ್ಗಿ ನೀರಿಗೆ ಕೈಮುಗಿದದ್ದು. ಎರಡನೆಯದು, ಯಾರೂ ಕೇಳದಿದ್ದರೂ, "ನಾ ಮೊದಲಿಂದ ಅಂದಿದ್ದೆ, ಬಂದ ಬರ್ತಾಳಂತ" ಎಂದದ್ದು. ಮಧ್ಯಾಹ್ನದೊಳಗೆ ಅಕ್ಷತೆ ಬಿತ್ತು. ಅಕ್ಕಿಕಾಳು ನೀರಿಗೆ ಬೀಳದಿರಲೆಂದು ನಾವು ಗೆಳತಿಯರು ಸುತ್ತ ಸೀರೆ ಹಿಡಿದು ನಿಂತಿದ್ದೆವು. ಹಿಂದೆ ಯಾರೂ ಹಾಗೆ ಹಿಡಿದದ್ದಿಲ್ಲ. ಹಿಡಿಯಬೇಕೆಂದು ಯಾರು ಹೇಳಿದರೋ ನೆನಪಿಲ್ಲ.

ಸಂಜೆಯಾಯಿತು. ಹೊರಡುವವರು ಇಬ್ಬರು, ಕಸ್ತೂರಿ ಮತ್ತು ಹೊಳೆ. ಕಸ್ತೂರಿಯ ತಾಯಿ ಅಕ್ಕಿ, ಕೊಬ್ಬರಿ ಬಟ್ಟಲು, ಉತ್ತತ್ತಿಯ ತಟ್ಟೆ ಹಿಡಿದು ಬಂದು, "ಉಡಿ ಒಡ್ಡ ನನ್ನ ಕಂದಾ" ಎಂದಳು. ಕಸ್ತೂರಿ ಸೆರಗು ಒಡ್ಡಲಿಲ್ಲ.

"ಬ್ಯಾಡವ್ವಾ. ಅಕಿ ಬರೇ ಉಡಿಲೆ ಹೊಂಟಾಳ. ನಾನೂ ಹಂಗ ಹೋಗ್ತೀನಿ."

"ಅಪಶಕುನ ಆಡಬ್ಯಾಡ!"

"ಇಬ್ಬರ ಹೆಣ್ಣಮಕ್ಕಳು ಒಂದ ಬಾಗಲದಿಂದ ಹೊಂಟಾಗ ಒಬ್ಬಾಕಿಗೆ ಕೊಟ್ಟು ಒಬ್ಬಾಕಿಗೆ ಇಲ್ಲ ಅಂದ್ರ ಅಕಿ ಮನಸಿಗೆ ಏನಾದೀತವ್ವಾ? ಮತ್ತ ಬರ್ತಾಳೇನ ಅಕಿ?"

ತಾಯಿ ತಟ್ಟೆ ಹಿಡಿದುಕೊಂಡೇ ಗೊಳೋ ಎಂದು ಅತ್ತಳು.  ಈರಸಂಗಪ್ಪ ಗೋಡೆಗೆ ಒರಗಿ ನಿಂತಿದ್ದ. "ಇಬ್ಬರ ಮಕ್ಕಳನ್ನ ಒಂದ ದಿನ ಬರಿಗೈಲೆ ಕಳಸಿದ ಅಪ್ಪ ಊರಾಗ ನಾ ಒಬ್ಬನ ಆದ್ನಿ ನೋಡು" ಎಂದ. ಟವಲಿನಿಂದ ಮುಖ ಒರೆಸಿಕೊಂಡ.

ಮದುಮಗಳ ಸೀರೆಯಲ್ಲೇ ಕಸ್ತೂರಿ ಓಣಿಯ ಬಾಲದವರೆಗೆ ನೀರಿನಲ್ಲಿ ನಡೆದಳು. ನಾನು ಜೊತೆಗೆ. ಜಂಬಗಿ ಸರ್ ಅಲ್ಲಿ ಲ್ಯಾಬಿನ ಪೆಟ್ಟಿಗೆಯನ್ನೇ ತಂದು ಕಟ್ಟೆಯ ಮೇಲಿಟ್ಟುಕೊಂಡು ಕೂತಿದ್ದರು, ಮದುವೆಗೆ ಅವರು ತಂದ ಉಡುಗೊರೆ ಅದೇ. ಅವಳು ಬಗ್ಗಿ ಕೆಮ್ಮಿನ ಔಷಧದ ಬಾಟಲಿಗೆ ನೀರು ತುಂಬಿದಳು. ಒಂದೊಂದೇ ದ್ರಾವಣ ಹಾಕಿದಳು. ಇಡೀ ಓಣಿ ಸುತ್ತ ನಿಂತಿತ್ತು. ಹೆರಿಗೆಯ ಕೋಣೆಯ ಹೊರಗೆ ನಿಂತವನ ಹಾಗೆ ಅವಳಪ್ಪ ಒಂದು ಕಾಲಿನಿಂದ ಇನ್ನೊಂದು ಕಾಲಿಗೆ ಭಾರ ಬದಲಿಸುತ್ತಿದ್ದ. ಅವಳ ಬಳೆ ತುಂಬಿದ ಕೈ ಬಾಟಲಿಯ ಮೇಲೆ ಬಂತು. ಗಂಜಿಯ ಹನಿ ಬಿತ್ತು.

"ನೀಲಿ ಬಂತೇನವ್ವಾ?" ಎಂದು ಕೇಳಿದ ಈರಸಂಗಪ್ಪ. ಅವನಿಗೆ ನೋಡಲು ಧೈರ್ಯವಿರಲಿಲ್ಲ, ಕಣ್ಣು ಮುಚ್ಚಿದ್ದ.

"ಬಂತಪ್ಪಾ."

ಅವನು ಬಾಟಲಿಯನ್ನು ಎರಡೂ ಕೈಯಲ್ಲಿ ತೆಗೆದುಕೊಂಡ. ಹೊಳೆಗೆ ಸುರಿಯಲಿಲ್ಲ, ಎದೆಗೆ ಹಿಡಿದುಕೊಂಡ. ಹೊಳೆ ಓಣಿಯ ತಿರುವು ದಾಟಿ ಹೋದಳು. ಅವಳ ಹಿಂದೆಯೇ ಕಸ್ತೂರಿಯೂ ಖಾಲಿ ಸೆರಗು ಬೀಸುತ್ತ ಹೋದಳು. ಆ ಬಾಟಲಿ ಬಹಳ ವರ್ಷ ಅವರ ದೇವರ ಜಗುಲಿಯ ಮೇಲಿತ್ತು. ನೀಲಿ ಕೆಲವೇ ದಿನಗಳಲ್ಲಿ ಮಾಸಿ ಬರಿಯ ನೀರಾಯಿತಂತೆ. ಅವನು ಎಸೆಯಲಿಲ್ಲ.

ಆಮೇಲೆ ಒಂದೊಂದೇ ಓಣಿಯವರು ಸಂಕೋಚಪಡುತ್ತ, ಸೆರಗಿನ ಮರೆಯಲ್ಲಿ ಬಾಟಲಿ ಹಿಡಿದು ಲ್ಯಾಬಿಗೆ ಬರತೊಡಗಿದರು. ಹೊಳೆ ಹೇಗಿದ್ದಾಳೆ ಎಂದು ಯಾರೂ ಕೇಳಲಿಲ್ಲ. ನಮ್ಮಿಂದ ಏನಾದರೂ ತಪ್ಪಾಗಿದೆಯೇ ಎಂದಷ್ಟೇ ಕೇಳುತ್ತಿದ್ದರು. ನಮ್ಮೂರಿನಲ್ಲಿ ಈಗಲೂ ಮದುಮಕ್ಕಳಿಗೆ ಉಡಿ ತುಂಬುವುದಿಲ್ಲ. ಸುತ್ತಲಿನವರು ನಮ್ಮನ್ನು ಜುಗ್ಗರು ಎನ್ನುತ್ತಾರೆ. ನನ್ನನ್ನೂ ಹಾಗೇ ಕಳಿಸಿದರು. ಗಂಡನ ಮನೆಯವರು ಇವತ್ತಿಗೂ ಆಡಿಕೊಳ್ಳುತ್ತಾರೆ, ನಾನು ವಿವರಿಸಲು ಹೋಗಿಲ್ಲ.

ನಾನೀಗಿರುವ ಊರಿನಲ್ಲಿ ಹೊಳೆ ಇದ್ದಲ್ಲೇ ಇದೆ. ಸೇತುವೆಯ ಮೇಲೆ ಬಸ್ಸು ಹೋಗುವಾಗ ಜನ ಕಿಟಕಿ ಮುಚ್ಚುತ್ತಾರೆ. ಅವಳು ಎಲ್ಲಿಗೂ ಹೋಗಲಾರಳು, ಮುನಿಯಲೂ ಆರಳು, ಹಾಗಾಗಿ ಯಾರಿಗೂ ಅವಳ ಭಯವಿಲ್ಲ. ಹೋದ ವಾರ ಬೆಳಿಗ್ಗೆ ಕಸ್ತೂರಿ ಫೋನು ಮಾಡಿದ್ದಳು, ತವರಿನ ಕಟ್ಟೆಯ ಮೇಲೆ ಕೂತು. "ಬಂದಾಳ, ಕೇಳಿಲ್ಲೆ" ಎಂದು ಫೋನನ್ನು ನೀರಿನ ಹತ್ತಿರ ಹಿಡಿದಳು. ಗಂಡ ಹೇಗಿದ್ದಾನೆ, ಮಕ್ಕಳು ಹೇಗಿದ್ದಾರೆ ಎಂದು ನಾನು ಕೇಳಲಿಲ್ಲ. ಅವಳಪ್ಪ ಇದ್ದಿದ್ದರೆ ಏನು ಕೇಳುತ್ತಿದ್ದನೋ ಅದನ್ನೇ ಕೇಳಿದೆ. ಆ ಕಡೆ ಬಾಟಲಿ ಟಣ್ ಎಂದಿತು. ಅವಳು "ಬಂತಲೇ" ಎಂದಳು.

ನಮ್ಮದು ಮೂರನೇ ಮಹಡಿಯ ಮನೆ. ಮಲಗುವ ಮುಂಚೆ ನಾನು ಎಲ್ಲರ ಚಪ್ಪಲಿಗಳನ್ನೂ ನೆಲದಿಂದ ಎತ್ತಿ ಮೇಲಿಡುತ್ತೇನೆ. ಇಷ್ಟು ಮೇಲೆ ಯಾವ ಹೊಳೆ ಬರುತ್ತದಮ್ಮ ಎಂದು ಮಗ ನಗುತ್ತಾನೆ. ನಗಲಿ. ನಾನು ಎತ್ತಿಡುತ್ತೇನೆ.